ಊರಿನ ಜಾಮೀನು

ಹುಡುಗಿಯರ ಫುಟ್‌ಬಾಲ್ ತಂಡದ ಕಾರ್ಯದರ್ಶಿ ಲೀಲಾಬಾಯಿ, ತಂಡದ ಮೊಹರಿನ ಶಿಕ್ಕಾ ಎತ್ತಿದವರು, ರಘುನಂದನರ ಅರ್ಜಿಯ ಮೇಲೆ ಒತ್ತದೆ ತಡೆದರು. ಮಕ್ಕಳನ್ನು ಪಕ್ಕದ ಊರು ಬುಟಿಬೋರಿಯ ಪಂದ್ಯಕ್ಕೆ ಕರೆದೊಯ್ಯಲು ಅವರು ತಾವಾಗಿಯೇ ಮುಂದೆ ಬಂದಿದ್ದರು. ಅರ್ಜಿಯೊಡನೆ ಪೊಲೀಸ್ ತಪಾಸಣೆಯ ಕಾಗದ ಮಾತ್ರ ಇರಲಿಲ್ಲ.

“ಒತ್ತರಿ ಅಕ್ಕಾರ, ಬಸ್ ಬರೋ ಹೊತ್ತಾತು,” ಎಂದು ರಘುನಂದನರು ನಕ್ಕರು. “ನಾವೂ ನೀವೂ ಗದಗಿನ ಮಂದಿ. ಹದಿನೈದು ವರ್ಷದಿಂದ ನಿಮ್ಮ ಭಜನಿಗೆ ಹಾರ್ಮೋನಿಯಂ ಪೇಟಿ ಬಾರಸ್ತೀನಿ. ನಾನೇನು ಕಳ್ಳನೇನ್ರಿ?”

ನಾಗಪುರಕ್ಕೆ ವರ್ಗವಾಗಿ ಬಂದ ಕನ್ನಡದವರಿಗೆ ಊರಿನ ಹೆಸರೇ ಜಾಮೀನು. ಹೊರಗೆ ಬೂಟು ಕಟ್ಟಿಕೊಳ್ಳುತ್ತಿದ್ದ ಹುಡುಗಿಯರು ನಗುತ್ತಿದ್ದರು. ಆ ನಗುವಿನಲ್ಲಿ ಮೂರು ವರ್ಷದ ಹಿಂದೆ ತಂಡ ಬಿಟ್ಟ ಒಬ್ಬಳ ದನಿ ಇಲ್ಲವೆಂಬುದು ಲೀಲಾಬಾಯಿಯನ್ನು ದಿನವೂ ಚುಚ್ಚುತ್ತಿತ್ತು. ಮೂರು ವರ್ಷ ದೇವರ ಮುಂದೆ ಕೂತರೂ ಬಾಯಿಗೆ ಬಾರದ ಮಾತು ಈಗ ಬಂತು.

“ನಿಮ್ಮ ಮ್ಯಾಲೆ ನನಗ ಅನುಮಾನ ಇಲ್ಲರಿ. ತೀರಿಹೋದ ನನ್ನ ತಮ್ಮನ ಮ್ಯಾಲೂ ಇರಲಿಲ್ಲ. ಕಾಗದ ಕೇಳದೇ ಅವನ ಅರ್ಜಿಗೆ ಶಿಕ್ಕಾ ಒತ್ತಿ, ಮಕ್ಕಳ ಜೋಡಿ ಪಂದ್ಯಕ್ಕ ಕಳಿಸಿದಾಕಿ ನಾನ.” ಅವರು ಶಿಕ್ಕಾವನ್ನು ಕೆಳಗಿಟ್ಟರು. “ನಿಮ್ಮ ಮಗಳು ಶ್ರೀರಕ್ಷಾ ಆಟ ಬಿಟ್ಟಿದ್ದು ಓದಿನ ಸಲುವಾಗಿ ಅಲ್ಲರಿ. ಅಕಿ ಅವತ್ತ ಪಂದ್ಯದಿಂದ ಬಂದು ನನ್ನ ಮುಂದ ಅಳಕೋತ, ನನ್ನ ತಮ್ಮ ಮಾಡಿದ್ದೆಲ್ಲಾ ಹೇಳಿದ್ದಳು. ನಾನ ಅಕಿ ಬಾಯಿ ಮುಚ್ಚಿಸಿದೆ.”