ಅಗುಳಿ ಹಾಕುವ ಮರ್ಯಾದೆ

ಶತ್ರುದಂಡು ಕೆರೆಯ ಏರಿ ದಾಟಿದ್ದು ಕಂಡದ್ದೇ ಹಿರೇಮನೆಯ ಓಬಳನಾಯಕ ಬಿದ್ದಂಬೀಳ ಓಡಿಬಂದು ಕೋಟೆಬಾಗಿಲಿನ ಅಗುಳಿಗೆ ಕೈಹಾಕಿದ. ಹಿಂದೆಯೇ ಕಿರಿಮನೆಯ ಬೊಮ್ಮಣ್ಣನೂ ಬಂದ.

"ಕೈ ತೆಗೀರಿ ಅಣ್ಣಯ್ಯ. ಅಗುಳಿ ಹಾಕುವ ಮರ್ಯಾದೆ ನಮ್ಮ ಮನೆತನದ್ದು."

"ನಿಮ್ಮದು ತೆಗೆಯೋದು ಕಣೋ. ಹಾಕೋದು ನಮ್ಮದು!"

"ದಂಡು ಹತ್ತಿರ ಬಂತು ಬುದ್ಧೀ!" ಎಂದು ಬುರುಜಿನ ಕಾವಲುಗಾರ ಕೂಗಿದ.

"ಸುಮ್ನಿರೋ, ಇಲ್ಲಿ ಮನೆತನದ ಮಾತು ನಡೀತಿದೆ!" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಮಾತು ಮುತ್ತಾತಂದಿರವರೆಗೂ ಹೋಯಿತು. ಅಭಿಮಾನ ಉಕ್ಕಿ ಓಬಳನಾಯಕನ ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದರೆ, ತೆರೆದ ಬಾಗಿಲಲ್ಲಿ ನುಗ್ಗಿಬಂದ ಶತ್ರುಗಳ ದಳವಾಯಿ ಹಗ್ಗ ಹಿಡಿದು ಎದುರಿಗೇ ನಿಂತಿದ್ದ. ಅವನು ಬೊಮ್ಮಣ್ಣನ ಕೈಗೆ ಹಗ್ಗ ಸುತ್ತತೊಡಗಿದಾಗ ಓಬಳನಾಯಕ ಕೆಂಡವಾದ.

"ತಡೀರಿ ಸ್ವಾಮೀ! ಹಿರೇಮನೆಯವನು ನಾನಿರುವಾಗ ಅವನನ್ನು ಮೊದಲು ಕಟ್ಟೋದೇ?"