ಅಪ್ಪ ಹಾಕಿದ ಮೂರು ಗಂಟು

ಹದಿನೇಳನೆಯ ಚೀಲ ಬಿಚ್ಚಿದಾಗಲೂ ಒಳಗೆ ಕಾಯಿ ಇತ್ತು. ಹೆಬ್ಬೆರಳಷ್ಟು ದಪ್ಪದ, ಹೊಳೆಹೊಳೆಯುವ ಎಳೆ ಬದನೆಕಾಯಿ. ಸ್ಪಂದನಾಳಿಗೆ ಅಳು ಬಂತು. ಬದನೆ ಕಾಯಿ ಕಟ್ಟಿದ್ದಕ್ಕೆ ಅತ್ತವರು ದಂಡಿಗನಹಳ್ಳಿಯಲ್ಲಿ ಅವಳೊಬ್ಬಳೇ ಇರಬೇಕು.

ಬದುವಿನ ಆಚೆ ಜೆಸಿಬಿ ಗುರುಗುಟ್ಟುತ್ತಿತ್ತು. ಪಕ್ಕದ ಹೊಲದಲ್ಲಿ ಕೃಷಿ ಹೊಂಡ ತೋಡಲು ಬಂದದ್ದು, ಮಧ್ಯಾಹ್ನದೊಳಗೆ ಹಿರೀಸಾವೆಗೆ ಹೋಗಬೇಕಂತೆ. ಅಷ್ಟರಲ್ಲಿ ಬದುವಿನುದ್ದಕ್ಕೂ ಹಳದಿ ಹೂ ಬಿಟ್ಟು ನಿಂತ ತಂಗಡಿ ಗಿಡಗಳನ್ನು ಬೇರುಸಮೇತ ಕೀಳಿಸಬೇಕೆಂದು ಅವಳ ಅಪ್ಪ ಶಶಿಕುಮಾರನ ಹಟ. ತಂಗಡಿಯಲ್ಲಿ ಸದಾ ಕಪ್ಪು ದುಂಬಿಗಳು. ಅವೇ ಈಚೆ ಬಂದು ಬದನೆ ಹೂವನ್ನು ಕಚ್ಚುತ್ತವೆ, ನಡುವಿನ ಕೇಸರದ ಮೇಲೆ ಕಂದು ಕಲೆ ಬೀಳುತ್ತದೆ, ಹೂ ಉದುರಿಹೋಗುತ್ತದೆ ಎಂದು ಅವನ ವಾದ.

ಹಾಸನದಲ್ಲಿ ಎಂ.ಎಸ್ಸಿ. ಸಸ್ಯಶಾಸ್ತ್ರ ಓದುವ ಮಗಳು ಬೇರೆಯದನ್ನೇ ಹೇಳುತ್ತಿದ್ದಳು. ದುಂಬಿ ಕೇಸರವನ್ನು ಕಚ್ಚಿ ಹಿಡಿದು ಮೈ ನಡುಗಿಸಿದರೇನೇ ಪರಾಗ ಸರಿಯಾಗಿ ಉದುರುವುದು. ತಂಗಡಿಗೂ ಅದೇ ಪದ್ಧತಿ, ಬದನೆಗೂ ಅದೇ. ಬದನೆ ಇಲ್ಲದ ತಿಂಗಳಲ್ಲಿ ದುಂಬಿಗೆ ಊಟ ಹಾಕಿ ಉಳಿಸಿಕೊಳ್ಳುವುದು ಈ ತಂಗಡಿಯೇ. ಆ ಕಂದು ಕಲೆ ಗಾಯವಲ್ಲ, ಹಿಡಿದ ಗುರುತು. ಅಪ್ಪ ನಂಬಲಿಲ್ಲ. ಹಾಗಾಗಿ ಹನ್ನೆರಡು ದಿನದ ಹಿಂದೆ ಹಳೆಯ ಸೊಳ್ಳೆಪರದೆ ಕತ್ತರಿಸಿ ಚೀಲ ಹೊಲಿದು, ಇಪ್ಪತ್ತು ಮೊಗ್ಗಿಗೆ ಮುಸುಕು ಹಾಕಿದ್ದಳು. ದುಂಬಿ ಮುಟ್ಟದ ಹೂವು ಕಾಯಿ ಕಟ್ಟದಿದ್ದರೆ ತಂಗಡಿ ಉಳಿಯಬೇಕು, ಅದು ಒಪ್ಪಂದ. ಅವಳು ಕಟ್ಟುವುದನ್ನು ನೋಡಲಾರದೆ ಅಪ್ಪ, "ಇದೇನು ಗಂಟಾ, ಜಡೆ ಟೇಪಾ?" ಎಂದು ಕೊನೆಯ ಮೂರನ್ನು ತಾನೇ ಬಿಗಿದಿದ್ದ.

"ನೋಡ್ದೇನವ್ವಾ?" ಶಶಿಕುಮಾರ್ ಹಿಂದೆಯೇ ಬಂದು ನಿಂತಿದ್ದ. "ದುಂಬಿ ಮುಟ್ದೇ ಇರೋ ಹೂವೇ ಕಾಯಿ ಕಟ್ಟೈತೆ. ನಿಂದೆಲ್ಲ ಪುಸ್ತಕದ ಬದ್ನೆಕಾಯಿ ಕಣ." ಅವನು ಡ್ರೈವರನ ಕಡೆ ಕೈ ಎತ್ತಿದ. ಜೆಸಿಬಿ ಮೊದಲ ತಂಗಡಿಯ ಬುಡಕ್ಕೆ ಬಾಯಿ ಹಾಕಿತು. ಗಿಡ ಹೂವಿನ ಸಮೇತ ಮೇಲೆದ್ದಿತು.

ಹುಲ್ಲಿನ ಹೊರೆ ಕೆಳಗಿಟ್ಟು ಅಜ್ಜಿ ರೇವಮ್ಮ ಓಡೋಡಿ ಬಂದಳು. "ಬೈಬ್ಯಾಡ ಕಣವ್ವ, ನಾನೇ ಬಿಚ್ಚಿದ್ದು."

"ಏನು ಬಿಚ್ಚಿದ್ದು?"

"ಚೀಲವ. ದಿನಾ ಬೆಳಿಗ್ಗೆ ಹುಲ್ಲಿಗೆ ಬಂದಾಗ ನೋಡ್ತಿದ್ದೆ, ಪಾಪ, ದುಂಬಿಗಳು ಬಂದು ಬಟ್ಟೆ ಮ್ಯಾಲೆ ಕೂತ್ಕಂಡು ಒದ್ದಾಡವು. ಬಾಗ್ಲಿಗೆ ಬಂದ ನೆಂಟ್ರನ್ನ ಅಂಗೇ ಕಳ್ಸಾಕಾಯ್ತದಾ? ಒಸಿ ಒತ್ತು ಬಿಚ್ಚಿಕ್ಕಿ, ಅವು ಓದ್ಮ್ಯಾಲೆ ತಿರ್ಗ ಕಟ್ಬುಡ್ತಿದ್ದೆ."

ಸ್ಪಂದನಾಳಿಗೆ ನಗಬೇಕೋ ಅಜ್ಜಿಯ ಮೇಲೆ ರೇಗಬೇಕೋ ತಿಳಿಯಲಿಲ್ಲ. ಜೆಸಿಬಿ ಎರಡನೆಯ ಗಿಡದತ್ತ ಸರಿಯುತ್ತಿತ್ತು. ಅವಳು ಅಜ್ಜಿಯ ತೋಳು ಹಿಡಿದು ಅಲುಗಿಸಿದಳು.

"ಎಲ್ಲಾನೂ ಬಿಚ್ಚಿದ್ಯಾ ಅಜ್ಜಿ?"

"ಎಲ್ಲಾನೂ ಎಲ್ಲಾಯ್ತದೆ? ಆ ಕೊನೇಲಿ ನಿಮ್ಮಪ್ಪ ಬಿಗಿದವ್ನಲ್ಲ ಮೂರು, ಅವು ಬರ್ನಿಲ್ಲ. ನನ್ನ ಉಗುರೇ ಕಿತ್ತೋಯ್ತು."

ಸ್ಪಂದನಾ ಓಡಿದಳು. ಎಷ್ಟು ಎಳೆದರೂ ಗಂಟು ಸಡಿಲವಾಗಲೇ ಇಲ್ಲ. ಶಶಿಕುಮಾರ್ ಬಂದು ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಕೂತ. ತನ್ನ ಗಂಟು ತನಗೂ ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ದಾರ ಕಡಿದ. ಮೊದಲನೆಯದರಲ್ಲಿ ಒಣಗಿ ಉದುರಿದ ಹೂವು. ಎರಡನೆಯದರಲ್ಲೂ ಅದೇ. ಮೂರನೆಯದನ್ನು ಅಂಗೈಗೆ ಸುರಿದುಕೊಂಡು, ಬಾಡಿದ ಎಸಳನ್ನು ಉಗುರಿನಿಂದ ಸರಿಸಿ, ಕಣ್ಣ ಹತ್ತಿರ ಹಿಡಿದು ಕೇಸರ ನೋಡಿದ. ಒಂದೇ ಒಂದು ಕಂದು ಕಲೆ ಇರಲಿಲ್ಲ. ಯಾರೂ ಮುಟ್ಟದ, ಯಾವ ಗುರುತೂ ಇಲ್ಲದ ಆ ಹೂವು ಅವನ ಬೆರಳಲ್ಲಿ ಪುಡಿಯಾಯಿತು.

"ಅಣ್ಣೋ, ಒತ್ತಾಯ್ತು," ಡ್ರೈವರ್ ಕೂಗಿದ. "ಇದನ್ನೂ ಎತ್ಲಾ?"

"ಇಂಜಿನ್ ಆಫ್ ಮಾಡಪ್ಪ," ಎಂದ ಶಶಿಕುಮಾರ್.

ಸದ್ದು ನಿಂತಿತು. ಕಿತ್ತ ಗಿಡದ ಜಾಗದಲ್ಲಿ ಹಸಿಮಣ್ಣಿನ ಗುಂಡಿ. ಅದರ ಮೇಲೆ, ಮೊದಲು ಹೂವಿದ್ದಷ್ಟೇ ಎತ್ತರದಲ್ಲಿ, ಎರಡು ದುಂಬಿಗಳು ಸುತ್ತುತ್ತಲೇ ಇದ್ದವು. ಶಶಿಕುಮಾರ್ ಅವನ್ನೇ ನೋಡುತ್ತ ತಾಯಿಯನ್ನು ಕೇಳಿದ.

"ಅವ್ವಾ, ನೆಂಟ್ರು ನಾಳೆ ಬತ್ತಾರಾ?"