ತುಂಬೆಗೆ ಬಂದ ಜೇನು

ನಮ್ಮೂರಲ್ಲಿ ಈಗ ಹಾರುವ ಜೇನೆಲ್ಲ ಕಾವಲುಪಡೆಯ ಯಂತ್ರಗಳೇ. ಬೆಳೆಗೆ ಪರಾಗ ಹಚ್ಚುತ್ತವೆ, ಮನೆಮಾತು ಕದ್ದು ಕೇಳುತ್ತವೆ. ನಿಜವಾದ ಜೇನು ಎಂದಾದರೂ ಬಂದೀತೆಂದು ನಾನು ಮಾಳಿಗೆ ಮೇಲೆ ತುಂಬೆಗಿಡ ಬೆಳೆಸಿದ್ದೆ. ಇವತ್ತು ಒಂದು ಬಂತು. ಯಂತ್ರವೇ ಇರಬೇಕು, ಮಾತು ಕದ್ದೀತೆಂದು ನಾನೂ ಪಕ್ಕದ ಮನೆ ಚನ್ನಕ್ಕನೂ ಗಪ್ಪಾದೆವು.

"ಕಾಡುಹೂವಿನ್ಯಾಗ ಇದಕ್ಕೇನು ಕೆಲಸ?" ಎಂದು ಪಿಸುಗುಟ್ಟಿದೆ.

"ನಿನ್ನ ಮ್ಯಾಲ ಕಣ್ಣಿಡಾಕ ಬಂದೈತಿ. ಗಿಡ ಹಚ್ಚಬ್ಯಾಡ ಅಂದ್ರ ಕೇಳಿದ್ಯಾ?" ಎಂದಳು ಚನ್ನಕ್ಕ.

ಅದು ಹೂವಿಂದ ಹೂವಿಗೆ ಗುಂಯ್‌ಗುಡುತ್ತಲೇ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು. ಗಬಕ್ಕನೆ ಮುಷ್ಟಿಯಲ್ಲಿ ಹಿಡಿದೆ. ಅಂಗೈ ಚುರ್ರೆಂದಿತು.

ಚನ್ನಕ್ಕ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಲು ಬಂದಳು. ನಾನು ಮುಷ್ಟಿ ಬಿಚ್ಚಿದೆ. ಯಂತ್ರ ಕಚ್ಚುವುದಿಲ್ಲ. ಕಚ್ಚಿದ ಜೇನು ಬದುಕುವುದಿಲ್ಲ.

"ಸುಣ್ಣ ಬ್ಯಾಡ, ಚನ್ನಕ್ಕ," ಎಂದೆ. "ಉರೀಲಿ."